ಪ್ರೋಬ್ ಸರಿದೂಗಿಕೆ ಮತ್ತು ತೆರೆಯ ಮೇಲೆ ಕಾಣದ ಅಳತೆದೋಷ

ಆಸಿಲೋಸ್ಕೋಪಿನ 10:1 ಪ್ರೋಬನ್ನು ಒಮ್ಮೆ ಸರಿದೂಗಿಸಿದರೆ ಸಾಕೆಂದು ಭಾವಿಸುವುದುಂಟು. ಆದರೆ ಸರಿದೂಗಿಕೆಯೆಂಬುದು ಪ್ರೋಬಿಗೂ ಅದನ್ನು ಜೋಡಿಸಿದ ಚಾನೆಲಿಗೂ ನಡುವಿನ ಹೊಂದಾಣಿಕೆ. ಜೋಡಿ ಬದಲಾದರೆ ಅದನ್ನು ಮತ್ತೆ ಪರೀಕ್ಷಿಸಲೇಬೇಕು ಎಂಬುದು ಈ ಲೇಖನದ ವಾದ.

ಪ್ರೋಬಿನ ತುದಿಯಲ್ಲಿ 9 ಮೆಗಾಓಮ್ ರೋಧ, ಆಸಿಲೋಸ್ಕೋಪಿನ ಇನ್‌ಪುಟ್‌ನಲ್ಲಿ 1 ಮೆಗಾಓಮ್ ರೋಧ ಇರುತ್ತವೆ. ಡಿಸಿ ವೋಲ್ಟೇಜನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸುವುದು ಇವೆರಡೇ. ಆವರ್ತನ ಏರಿದಂತೆ ಆ ಹೊಣೆ ಕೆಪ್ಯಾಸಿಟೆನ್ಸ್‌ಗಳಿಗೆ ದಾಟುತ್ತದೆ. ಕೇಬಲ್ ಮತ್ತು ಇನ್‌ಪುಟ್ ಸೇರಿ 100 ಪಿಕೋಫ್ಯಾರಡ್ ಇದೆಯೆಂದು ಇಟ್ಟುಕೊಳ್ಳೋಣ. ಆಗ ತುದಿಯಲ್ಲಿ ಅದರ ಒಂಬತ್ತನೆಯ ಒಂದು ಭಾಗ, ಎಂದರೆ ಸುಮಾರು 11.1 ಪಿಕೋಫ್ಯಾರಡ್ ಇದ್ದರೆ ಎಲ್ಲ ಆವರ್ತನಗಳಲ್ಲೂ ಅನುಪಾತ ಒಂದೇ ಆಗಿರುತ್ತದೆ. ಟ್ರಿಮ್ಮರ್ ತಿರುಗಿಸಿ ಸಾಧಿಸುವುದು ಈ ಸಮತೋಲವನ್ನೇ. ಇದೇ ಪ್ರೋಬನ್ನು 10 ಪಿಕೋಫ್ಯಾರಡ್ ಹೆಚ್ಚಿರುವ ಇನ್ನೊಂದು ಇನ್‌ಪುಟ್‌ಗೆ ಹಾಕಿದರೆ ಮೇಲಿನ ಆವರ್ತನಗಳ ಅನುಪಾತ 0.0917ಕ್ಕೆ ಇಳಿಯುತ್ತದೆ. ಡಿಸಿ ಅಳತೆ ಸರಿಯಾಗಿಯೇ ಉಳಿದು, ವೇಗದ ಸಂಕೇತ ಮಾತ್ರ ಸುಮಾರು ಶೇ. 8ರಷ್ಟು ಕಡಿಮೆ ತೋರುತ್ತದೆ.

ಈ ದೋಷವನ್ನು ಹಿಡಿಯಲು 1 ಕಿಲೋಹರ್ಟ್ಸ್ ಚೌಕತರಂಗವೇ ಏಕೆ ತಕ್ಕದ್ದು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮೇಲಿನ ಉದಾಹರಣೆಯಲ್ಲಿ ಒಂದು ಅನುಪಾತದಿಂದ ಇನ್ನೊಂದಕ್ಕೆ ಹೊರಳುವ ಕಾಲಸ್ಥಿರಾಂಕ ಸುಮಾರು 109 ಮೈಕ್ರೋಸೆಕೆಂಡ್. ತರಂಗದ ಅರ್ಧಾವಧಿ 500 ಮೈಕ್ರೋಸೆಕೆಂಡ್ ಆದ್ದರಿಂದ ಅಂಚಿನ ಬಳಿಯ ಕೊರತೆ ನಿಧಾನವಾಗಿ ತುಂಬಿಕೊಳ್ಳುವುದು ಪೂರ್ತಿ ಕಾಣುತ್ತದೆ, ಮೂಲೆ ದುಂಡಗಾಗುತ್ತದೆ. ಕೆಪ್ಯಾಸಿಟೆನ್ಸ್ ವ್ಯತ್ಯಾಸ ತದ್ವಿರುದ್ಧವಾಗಿದ್ದರೆ ಮೂಲೆ ಮೇಲಕ್ಕೆ ಚಿಮ್ಮುತ್ತದೆ. 100 ಕಿಲೋಹರ್ಟ್ಸ್‌ನಲ್ಲಿ ಅರ್ಧಾವಧಿ 5 ಮೈಕ್ರೋಸೆಕೆಂಡ್ ಮಾತ್ರ. ತರಂಗ ನಿಷ್ಕಳಂಕ ಚೌಕವಾಗಿಯೇ ಕಾಣುತ್ತದೆ, ಎತ್ತರ ಮಾತ್ರ ತಪ್ಪಿರುತ್ತದೆ. ಆಕಾರವನ್ನು ನಂಬಿ ಎತ್ತರವನ್ನು ಬರೆದುಕೊಳ್ಳುವವರಿಗೆ ಎಚ್ಚರಿಕೆಯ ಸುಳಿವೇ ಸಿಗುವುದಿಲ್ಲ.

ಉಪಕರಣಕ್ಕೆ ಕ್ಯಾಲಿಬ್ರೇಷನ್ ಪ್ರಮಾಣಪತ್ರವಿದೆಯಲ್ಲ ಎಂಬುದು ಒಂದು ಆಕ್ಷೇಪ. ಆಸಿಲೋಸ್ಕೋಪಿನ ಪ್ರಮಾಣಪತ್ರ ಅದರ ಇನ್‌ಪುಟ್ಟಿಗೆ ನೇರವಾಗಿ ಕೊಟ್ಟ ಸಂಕೇತದ ಬಗ್ಗೆ ಹೇಳುತ್ತದೆ, ಅದರ ಮುಂದೆ ಯಾವ ಪ್ರೋಬ್ ಸೇರಿತೆಂಬುದು ಅದಕ್ಕೆ ಹೊರತಾದ ವಿಷಯ. ಸರಿದೂಗಿಸಿದ ಮೇಲೂ ಅಂಚಿನಲ್ಲಿ ಕಂಪನ ಉಳಿಯುತ್ತದಲ್ಲ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಗ್ರೌಂಡ್ ತಂತಿಯ ಇಂಡಕ್ಟೆನ್ಸ್ 150 ನ್ಯಾನೊಹೆನ್ರಿ ಎಂದಿಟ್ಟುಕೊಂಡರೆ, ತುದಿಯ 10 ಪಿಕೋಫ್ಯಾರಡ್ ಜೊತೆ ಅದು ಸುಮಾರು 130 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಈ ಕಂಪನದ ಅವಧಿ 8 ನ್ಯಾನೊಸೆಕೆಂಡ್, ಸರಿದೂಗಿಕೆಯ ದೋಷದ ಕಾಲಮಾನ ಅದರ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಒಂದಕ್ಕೆ ಮದ್ದು ಟ್ರಿಮ್ಮರ್, ಇನ್ನೊಂದಕ್ಕೆ ಗಿಡ್ಡನೆಯ ಗ್ರೌಂಡ್. ಕಂಪನವನ್ನು ಅಡಗಿಸಲು ಟ್ರಿಮ್ಮರ್ ತಿರುಗಿಸಿದವರು ಇದ್ದ ದೋಷದ ಜೊತೆಗೆ ಎತ್ತರದ ದೋಷವನ್ನೂ ಬರಮಾಡಿಕೊಳ್ಳುತ್ತಾರೆ. ಆದ್ದರಿಂದ ವೋಲ್ಟೇಜ್ ಅಳತೆಯ ವರದಿಯಲ್ಲಿ ಯಾವ ಪ್ರೋಬನ್ನು ಯಾವ ಚಾನೆಲಿನೊಂದಿಗೆ ಸರಿದೂಗಿಸಲಾಯಿತೆಂಬುದೂ ದಾಖಲಾಗಬೇಕು. ಆ ಮಾಹಿತಿಯಿಲ್ಲದ ಅಂಕಿಯಲ್ಲಿ ದೋಷ ಎಷ್ಟಿದೆಯೆಂದು ಓದುಗರು ನಿರ್ಣಯಿಸಲಾರರು.