ಗವಾನನ ಮದರಸವೂ ಗಣಕದ ಕ್ಯಾಮೆರಾವೂ

ಬಹಮನೀ ಮಂತ್ರಿ ಮಹಮೂದ ಗವಾನನು ಬೀದರದಲ್ಲಿ ಕ್ರಿ. ಶ. 1472ರಲ್ಲಿ ಕಟ್ಟಿಸಿದ ಮದರಸವು ಇಂದು ಪೂರ್ಣರೂಪದಲ್ಲಿ ಉಳಿದಿಲ್ಲ. 1696ರ ಸಿಡಿತದಲ್ಲಿ ಮುಂಭಾಗದ ಎರಡು ಮಿನಾರುಗಳ ಪೈಕಿ ಒಂದೂ, ಅದಕ್ಕೆ ಹೊಂದಿದ್ದ ಕಟ್ಟಡದ ಭಾಗವೂ ನಾಶವಾದುವು. ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಮ್ ಯಾಜ್ದಾನಿಯವರು 1947ರಲ್ಲಿ ಹೊರತಂದ ಬೀದರದ ಚರಿತ್ರೆಯಲ್ಲಿ ಇದರ ವರ್ಣನೆಯುಂಟು, ಛಾಯಾಚಿತ್ರಗಳುಂಟು. ಇಂಥ ಕಟ್ಟಡವನ್ನು ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ಮರಳಿ ನಿಲ್ಲಿಸುವುದಾದರೆ, ಅದನ್ನು ನೋಡುವ ಕಣ್ಣು ಎಲ್ಲಿರಬೇಕೆಂಬುದು ಚರಿತ್ರಕಾರನೂ ವಿಚಾರಿಸತಕ್ಕ ವಿಷಯವಾಗುತ್ತದೆ.

ಆ ಕಣ್ಣಿಗೆ ಕ್ಯಾಮೆರಾ ಎಂಬ ಹೆಸರು ರೂಢಿಯಲ್ಲಿದ್ದರೂ ಅಲ್ಲಿ ಗಾಜಿಲ್ಲ, ಬೆಳಕನ್ನು ಹಿಡಿಯುವ ಫಲಕವಿಲ್ಲ. ಒಂದು ಬಿಂದು, ಅದು ನೋಡುವ ದಿಕ್ಕು, ನಾಭಿದೂರ, ಚಿತ್ರಪಟದ ಅಗಲ, ಮುಖ್ಯವಾಗಿ ಇಷ್ಟೇ. ಇದರ ಗಣಿತವು ಹೊಸದಲ್ಲ. ಇಟಲಿಯ ಆಲ್ಬರ್ಟಿಯು 1435ರಲ್ಲಿ, ಎಂದರೆ ಬೀದರದಲ್ಲಿ ಒಂದನೆಯ ಅಹಮದ ಶಹನು ಆಳುತ್ತಿದ್ದಾಗಲೇ, ಚಿತ್ರಕಲೆಯ ಗ್ರಂಥದಲ್ಲಿ ನಿರೂಪಿಸಿದ ದೃಷ್ಟಿನಿಯಮವೇ ಇದರ ಮೂಲ.

ಮದರಸದ ಅಳತೆ 205 ಅಡಿ, 180 ಅಡಿ. 180 ಅಡಿಯ ಪಾರ್ಶ್ವವು 36 ಮಿಲಿಮೀಟರಿನ ಚಿತ್ರಪಟವನ್ನು ಅಂಚಿನಿಂದ ಅಂಚಿಗೆ ತುಂಬಬೇಕಾದರೆ, 50 ಮಿಲಿಮೀಟರಿನ ನಾಭಿದೂರಕ್ಕೆ ಕಣ್ಣು 250 ಅಡಿ ದೂರದಲ್ಲಿಯೂ, 24 ಮಿಲಿಮೀಟರಿಗೆ 120 ಅಡಿ ದೂರದಲ್ಲಿಯೂ ಇರಬೇಕು. ಗೋಡೆಯೇನೋ ಎರಡರಲ್ಲಿಯೂ ಸಮನಾಗಿಯೇ ಬರುವುದು. ಆದರೆ ಹತ್ತಿರದ ಚಿತ್ರದಲ್ಲಿ ಮುಂದಕ್ಕೆ ಚಾಚಿದ ಭಾಗಗಳು ಹಿಗ್ಗಿ, ಹಿಂದಿನವು ಕುಗ್ಗುವುವು. ಚಿತ್ರದ ಮೇಲೆ ಅಳತೆಗೋಲಿಟ್ಟು ಪ್ರಮಾಣವನ್ನು ತೆಗೆಯುವ ವಿದ್ಯಾರ್ಥಿಯು ಮೋಸಹೋಗುವುದು ಇಲ್ಲಿಯೇ.

ಕೋಟೆಯೊಳಗಿನ ರಂಗೀನ ಮಹಲಿನಲ್ಲಿ ತೊಡಕು ಬೇರೆಯ ಬಗೆಯದು. ಅಲ್ಲಿನ ಕಿರುಕೋಣೆಯ ಮುತ್ತಿನಚಿಪ್ಪಿನ ಕೆಲಸವನ್ನು ಚಿತ್ರಿಸಹೊರಟವನ ಬೆನ್ನಿಗೆ ಗೋಡೆ ತಗಲುತ್ತದೆ. ಗಣಕದ ಕ್ಯಾಮೆರಾವಾದರೋ ಗೋಡೆಯ ಆಚೆ ನಿಂತು, ಸಮೀಪದ ಮಿತಿಯೊಂದನ್ನು ಗೊತ್ತುಮಾಡಿಕೊಂಡು, ಅಡ್ಡಬಂದ ಗೋಡೆಯನ್ನೇ ಅಳಿಸಿಬಿಡಬಲ್ಲುದು. ವಿನ್ಯಾಸವನ್ನು ಬೋಧಿಸುವುದಕ್ಕೆ ಇದು ಉಪಯುಕ್ತವೇ ಸರಿ. ಆದರೆ ಯಾವ ಸುಲ್ತಾನನೂ ಆ ಕೋಣೆಯನ್ನು ಅಷ್ಟು ವಿಶಾಲವಾಗಿ ಕಂಡವನಲ್ಲ.

ಇದೇ ಕ್ರಮವು ಭಾಲ್ಕಿಯ ಕೋಟೆಗೂ ಔರಾದದ ಅಮರೇಶ್ವರ ದೇವಾಲಯಕ್ಕೂ ಸಲ್ಲುವುದು. ಪೂಜೆ ನಡೆಯುತ್ತಿರುವ ಗುಡಿಯಲ್ಲಿ ಕಣ್ಣು ನೆಲದಿಂದ ಸುಮಾರು ಐದಡಿಯ ಎತ್ತರದಲ್ಲಿ, ಭಕ್ತನು ನಿಲ್ಲುವೆಡೆಯಲ್ಲಿಯೇ ಇರುವುದು ಯುಕ್ತ. ಆಕಾಶದಿಂದ ಕಾಣುವ ನೋಟವು ನಕ್ಷೆಯ ಕೆಲಸಕ್ಕೆ ಸಾಕು. ಪ್ರತಿ ಚಿತ್ರದಡಿಯಲ್ಲಿಯೂ ನಾಭಿದೂರ, ಎತ್ತರ, ಗೋಡೆಯಿಂದಿರುವ ಅಂತರ ಇವನ್ನು ನಮೂದಿಸುವುದು ಕಷ್ಟವೇನಲ್ಲ. ಇವುಗಳ ಜೊತೆಗೆ, ಯಾವುದು ಉಳಿದ ಕಲ್ಲು, ಯಾವುದು ಊಹೆಯೆಂಬುದನ್ನು ಬಣ್ಣದಿಂದ ಬೇರ್ಪಡಿಸದಿದ್ದರೆ, ನಿಂತಿರುವ ಮಿನಾರೂ ಬಿದ್ದ ಮಿನಾರೂ ಒಂದೇ ಹೊಳಪಿನಲ್ಲಿ ತೋರುವುವು. ಛಾಯಾಚಿತ್ರದಲ್ಲಾದರೋ ಬಿದ್ದುದರ ಸ್ಥಳವು ಬರಿದಾಗಿಯೇ ಕಾಣುವುದು.