ಗೊರಕೆಯಿಂದ ಹೃದಯದವರೆಗೆ: ನಿದ್ರಾ ಶ್ವಾಸಸ್ತಂಭನ ಚಿಕಿತ್ಸೆಯ ಚರಿತ್ರೆ

ಅತಿನಿದ್ರೆ ಮತ್ತು ಗೊರಕೆಗಳನ್ನು ಜನಸಮುದಾಯಗಳು ಬಹುಕಾಲ ವ್ಯಕ್ತಿಯ ಸ್ವಭಾವವೆಂದೇ ಭಾವಿಸಿವೆ. ಕನ್ನಡದಲ್ಲಿ ‘ಕುಂಭಕರ್ಣ ನಿದ್ರೆ’ ಎಂಬುದು ಇಂದಿಗೂ ಪರಿಹಾಸದ ಮಾತು. ಗೊರಕೆ ಹೊಡೆಯುವವನು ಸುಖನಿದ್ರೆಯಲ್ಲಿದ್ದಾನೆಂಬುದು ಸಾಮಾನ್ಯ ಗ್ರಹಿಕೆ. ಈ ನಗೆಯ ವಸ್ತು ಹೃದಯವನ್ನು ಬಾಧಿಸುವ ವ್ಯಾಧಿಯಾಗಿ ಗುರುತುಗೊಂಡದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ.

ರೋಗಕ್ಕೆ ಹೆಸರನ್ನು ಒದಗಿಸಿದ್ದು ಸಾಹಿತ್ಯವೆಂಬುದು ಗಮನಾರ್ಹ. ಚಾರ್ಲ್ಸ್ ಡಿಕೆನ್ಸ್ 1836-37ರಲ್ಲಿ ಕಂತುಗಳಾಗಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗ ಕೆಲಸದ ನಡುವೆಯೇ ನಿದ್ರೆಗೆ ಜಾರುತ್ತಾನೆ. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಇಂತಹ ಒಬ್ಬ ರೋಗಿಯನ್ನು ವರ್ಣಿಸಿದರು. ಇಸ್ಪೀಟಿನ ಆಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಯಲ್ಲಿದ್ದರೂ ಆತ ನಿದ್ರೆ ಹೋಗಿ ಗೆಲ್ಲುವ ಅವಕಾಶವನ್ನು ಕಳೆದುಕೊಂಡಿದ್ದನು. ಅವರು ಇದನ್ನು ‘ಪಿಕ್‌ವಿಕಿಯನ್ ಸಿಂಡ್ರೋಮ್’ ಎಂದು ಕರೆದರು. ಆದರೆ ರಾತ್ರಿಯ ಉಸಿರಾಟದ ಕಡೆಗೆ ಆಗ ಗಮನ ಹರಿಯಲಿಲ್ಲ.

1965ರಲ್ಲಿ ಫ್ರಾನ್ಸಿನ ಗಾಸ್ಟೋ ಹಾಗೂ ಜರ್ಮನಿಯ ಯುಂಗ್ ಮತ್ತು ಕೂಲೋ ಅವರ ತಂಡಗಳು ಪ್ರತ್ಯೇಕವಾಗಿ, ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವುದನ್ನು ದಾಖಲಿಸಿದವು. ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿದಾಗ ರಕ್ತದ ಆಮ್ಲಜನಕ ಇಳಿಯುತ್ತದೆ, ನರಮಂಡಲ ಉದ್ರೇಕಗೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಈ ಏರಿಳಿತವನ್ನು ಇಟಲಿಯ ಬೊಲೋನ್ಯಾದಲ್ಲಿ ಲುಗಾರೇಸಿ ಮತ್ತು ಕೊಕಾನ್ಯ ಅಳೆದು ತೋರಿಸಿದರು. ಅಂದಿನ ಪರಿಣಾಮಕಾರಿ ಚಿಕಿತ್ಸೆಯೆಂದರೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದು. ಅದು ಉಸಿರನ್ನು ಉಳಿಸಿದರೂ ದೈನಂದಿನ ಬದುಕನ್ನು ಕಠಿಣಗೊಳಿಸುತ್ತಿತ್ತು.

1981ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಮತ್ತು ಸಂಗಡಿಗರು, ಮೂಗಿನ ಮೂಲಕ ಸತತವಾಗಿ ಒತ್ತಡದ ಗಾಳಿಯನ್ನು ಹಾಯಿಸಿ ಗಂಟಲನ್ನು ತೆರೆದಿಡಬಹುದೆಂದು ಐವರು ರೋಗಿಗಳಲ್ಲಿ ತೋರಿಸಿದರು. ‘ಸಿಪ್ಯಾಪ್’ ಎಂದು ಪ್ರಸಿದ್ಧವಾದ ಈ ಕ್ರಮದಿಂದ ಶಸ್ತ್ರಕ್ರಿಯೆಯ ಅಗತ್ಯ ಬಹುಮಟ್ಟಿಗೆ ತಪ್ಪಿತು.

ಚಿಕಿತ್ಸೆಯಿಂದ ಹೃದಯಕ್ಕೆ ರಕ್ಷಣೆ ದೊರೆಯುವುದೇ ಎಂಬುದು ಮುಂದಿನ ಪ್ರಶ್ನೆ. 2000ದಲ್ಲಿ ಪ್ರಕಟವಾದ ವಿಸ್ಕಾನ್ಸಿನ್ ಅಧ್ಯಯನವು ಶ್ವಾಸಸ್ತಂಭನ ಹೆಚ್ಚಿದಷ್ಟೂ ಮುಂದೆ ಅಧಿಕ ರಕ್ತದೊತ್ತಡದ ಸಂಭವ ಹೆಚ್ಚುವುದನ್ನು ತೋರಿಸಿತು. 2005ರ ಸ್ಪೇನಿನ ಅಧ್ಯಯನದಲ್ಲಿ, ತೀವ್ರ ಬಾಧೆಯಿದ್ದೂ ಚಿಕಿತ್ಸೆ ಪಡೆಯದ ಪುರುಷರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಚಿಕಿತ್ಸೆ ಪಡೆದವರಿಗಿಂತ ಹೆಚ್ಚಾಗಿದ್ದವು. ಆದರೆ ಯಂತ್ರವನ್ನು ಶಿಸ್ತಿನಿಂದ ಬಳಸುವವರು ಇತರ ವಿಷಯಗಳಲ್ಲಿಯೂ ಆರೋಗ್ಯದ ಎಚ್ಚರವುಳ್ಳವರಾಗಿರಬಹುದು. ಆದ್ದರಿಂದ ಇಂತಹ ಹೋಲಿಕೆಯೇ ಅಂತಿಮ ಪ್ರಮಾಣವಾಗದು. ಭಾರತವೂ ಭಾಗವಹಿಸಿದ್ದ, 2016ರಲ್ಲಿ ಪ್ರಕಟವಾದ ‘ಸೇವ್’ ಪ್ರಯೋಗದಲ್ಲಿ ಆಗಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಯಿದ್ದ 2,717 ಜನರನ್ನು ಪರಿಶೀಲಿಸಲಾಯಿತು. ಹಗಲಿನ ತೂಕಡಿಕೆ ತಗ್ಗಿತು, ಜೀವನದ ಗುಣಮಟ್ಟ ಸುಧಾರಿಸಿತು; ಹೃದಯದ ಅವಘಡಗಳು ಮಾತ್ರ ತಗ್ಗಲಿಲ್ಲ. ಅಲ್ಲಿ ಯಂತ್ರದ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಮಾತ್ರವಾಗಿತ್ತೆಂಬುದನ್ನೂ, ತೀವ್ರ ತೂಕಡಿಕೆಯುಳ್ಳವರನ್ನು ಸೇರಿಸಿಕೊಂಡಿರಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ, ಬೊಜ್ಜಿನೊಡನೆ ಈ ವ್ಯಾಧಿ ಮಧ್ಯಮ ಅಥವಾ ತೀವ್ರವಾಗಿರುವ ವಯಸ್ಕರಿಗಾಗಿ ತೂಕ ಇಳಿಸುವ ಟಿರ್ಜೆಪಟೈಡ್ ಔಷಧಕ್ಕೆ ಅನುಮತಿ ದೊರೆಯಿತು.

ಹೀಗೆ ಯಂತ್ರ ಉಸಿರನ್ನು ಸರಿಪಡಿಸುವುದು ಸಿದ್ಧವಾಗಿದೆ. ಹೃದಯವನ್ನು ಅದು ಎಷ್ಟರಮಟ್ಟಿಗೆ ಕಾಯುತ್ತದೆಂಬುದು ಇನ್ನೂ ಚರ್ಚೆಯಲ್ಲಿದೆ. ರೋಗನಿರ್ಣಯದ ಮೊದಲ ಹೆಜ್ಜೆ ಮಾತ್ರ ಮನೆಯಲ್ಲಿಯೇ ಇದೆ. ತನ್ನ ಉಸಿರು ನಿಂತದ್ದು ನಿದ್ರಿಸುವವನಿಗೆ ತಿಳಿಯದು. ಪಕ್ಕದಲ್ಲಿ ಮಲಗಿದವರೇ ಇಲ್ಲಿ ಮೊದಲ ವಕ್ತೃಗಳು. ಅವರು ಕಂಡದ್ದನ್ನು ನಗೆಮಾತಾಗಿಸದೆ ವೈದ್ಯರಿಗೆ ತಿಳಿಸುವುದು ಈ ಚರಿತ್ರೆ ಕಲಿಸುವ ವಿವೇಕ.