ಅಣ್ಣನ ಅಂಗಡಿ, ತಮ್ಮನ ಕಾರ್ಖಾನೆ: ಬೆಳಗಾವಿಯ ಕಿರ್ಲೋಸ್ಕರ್ ಸೋದರರು

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರನ್ನು ಕಬ್ಬಿಣದ ನೇಗಿಲು ತಯಾರಿಸಿದ ಉದ್ಯಮಿ ಎಂದೇ ಸ್ಮರಿಸುವುದು ರೂಢಿ. ಆದರೆ ನೇಗಿಲಿಗೆ ಮೊದಲು ಅಂಗಡಿಯಿತ್ತು, ಆ ಅಂಗಡಿಯಲ್ಲಿ ಕೂತವರು ಅಣ್ಣ ರಾಮಚಂದ್ರರಾವ್, ಅಂದರೆ ರಾಮುಅಣ್ಣ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು. ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ತಿಳಿಯದೆ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಅಲ್ಲಿಂದ ತಮ್ಮ ಸೈಕಲ್ ಕೊಂಡು ಕಳಿಸುವುದು, ಬೆಳಗಾವಿಯಲ್ಲಿ ಅಣ್ಣ ಮಾರುವುದು. ಸವಾರಿ ಕಲಿಸಲು 15 ರೂಪಾಯಿ. ಕಿರ್ಲೋಸ್ಕರ್ ಸಂಸ್ಥೆ ತನ್ನ ಆರಂಭವೆಂದು ಎಣಿಸುವ ವರ್ಷ 1888. ಬೆಳಗಾವಿಗೆ ರೈಲು ಬಂದದ್ದು 1887ರಲ್ಲಿ, ಖಾನಾಪುರ ತಾಲ್ಲೂಕಿನ ಲೋಂಡಾ ಕಡೆಯಿಂದ. ಈ ಎರಡು ವರ್ಷಗಳು ಅಕ್ಕಪಕ್ಕ ಬಂದಿರುವುದನ್ನು ಕಾಕತಾಳೀಯವೆಂದು ತಳ್ಳಿಹಾಕಲಾಗದು.

ಸೋದರರಲ್ಲಿ ಒಬ್ಬ ಸರಕು ಸಿಗುವಲ್ಲಿ, ಇನ್ನೊಬ್ಬ ಸರಕು ಹೋಗುವಲ್ಲಿ ನೆಲೆಸುವ ಪದ್ಧತಿ ಬೇರೆಡೆಯೂ ಇತ್ತು. ಐರ್ಲೆಂಡಿನ ಬ್ಯಾಲಿಮಿನಾದಿಂದ 1800ರಲ್ಲಿ ಬಾಲ್ಟಿಮೋರ್ ಸೇರಿ ನಾರುಬಟ್ಟೆ ಮಾರಿದ ಅಲೆಕ್ಸಾಂಡರ್ ಬ್ರೌನನ ಮಕ್ಕಳು ಲಿವರ್‌ಪೂಲ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಲ್ಲಿ ಹೀಗೆಯೇ ಹಂಚಿಕೊಂಡು ಕೂತರು. ದೂರದ ಊರಿನ ಲೆಕ್ಕವನ್ನು ಒಡಹುಟ್ಟಿದವನ ಕೈಗೊಪ್ಪಿಸಿದರೆ ಪತ್ರ ತಡವಾದರೂ ನಂಬಿಕೆ ಕೆಡುವುದಿಲ್ಲ.

ಲಕ್ಷ್ಮಣರಾಯರ ಯಂತ್ರಜ್ಞಾನವಿಲ್ಲದೆ ಬರೀ ಅಂಗಡಿ ಎಲ್ಲಿಗೆ ಮುಟ್ಟುತ್ತಿತ್ತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನೇಗಿಲು ತಯಾರಾದ ಮೇಲೂ ಕೊಳ್ಳುವವರು ಸಿಗಲಿಲ್ಲವಲ್ಲ! ಕಬ್ಬಿಣ ನೆಲಕ್ಕೆ ವಿಷವೆಂದು ರೈತರು ಹೆದರಿದರು ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ನನಗೆ ಅದು ಸಾಲದು. ಜಾಲಿ ಮರದ ನೇಗಿಲಿನ ತುದಿಯಲ್ಲಿ ಕಬ್ಬಿಣದ ಕುಳ ಮೊದಲಿನಿಂದಲೂ ಇತ್ತು. ಕುಳ ಸವೆದರೆ ಊರ ಕಂಬಾರ ಕುಲುಮೆಯಲ್ಲಿ ಕಾಯಿಸಿ ಬಡಿದು ಹರಿತ ಮಾಡುತ್ತಿದ್ದ. ಸುಗ್ಗಿಯಲ್ಲಿ ಆಯದ ಕಾಳು ಅಳೆದರಾಯಿತು. ಕಿರ್ಲೋಸ್ಕರ್ ನೇಗಿಲಿನ ಎರಕದ ಕುಳ ಹಾಗೆ ಬಡಿಸಿಕೊಳ್ಳುವುದಿಲ್ಲ, ಸುತ್ತಿಗೆ ಏಟಿಗೆ ಸೀಳುತ್ತದೆ. ಹೊಸ ಕುಳಕ್ಕೆ ರೊಕ್ಕ ಬೇಕು, ಅದನ್ನು ಒದಗಿಸುವ ಅಂಗಡಿ ನಾಳೆಯೂ ಇರಬೇಕು. ರೈತನ ಅಂಜಿಕೆಯಲ್ಲಿ ಈ ಲೆಕ್ಕವೂ ಇದ್ದಿರಬೇಕೆಂದು ನನ್ನ ಊಹೆ. ಅದಕ್ಕೆ ಉತ್ತರ ಕೊಡಬಲ್ಲದ್ದು ಯಂತ್ರವಲ್ಲ, ವ್ಯಾಪಾರಿಯ ನಂಬಿಕೆ.

ಬೆಳಗಾವಿಯಲ್ಲಿದ್ದ ಕಾರ್ಖಾನೆಯ ಜಾಗ ಊರ ಬಡಾವಣೆಗೆ ಬೇಕಾಗಿ ತೆರವಾಯಿತು. ಹಾಗಾಗಿ ಅವರ ಮುಂದಿನ ಏಳಿಗೆಗೆ ಔಂಧ್ ಅರಸರ ಕೃಪೆಯೇ ಕಾರಣವೆನ್ನುವವರಿದ್ದಾರೆ. 1910ರಲ್ಲಿ ಔಂಧ್ ಸಂಸ್ಥಾನ 32 ಎಕರೆ ಭೂಮಿ ಮತ್ತು 10,000 ರೂಪಾಯಿ ಸಾಲ ಕೊಟ್ಟದ್ದು ದೊಡ್ಡ ಉಪಕಾರವೇ. ಆದರೂ ಅವರು ಆರಿಸಿದ ಕುಂಡಲ್ ರೋಡ್ ಸ್ಟೇಷನ್, ಬೆಳಗಾವಿಗೆ ಸೈಕಲ್ ತಂದ ಅದೇ ರೈಲುಹಾದಿಯ ಮೇಲಿತ್ತು. ನೆಲದ ಗುಣವನ್ನೂ ನೋಡಬೇಕು. ಖಾನಾಪುರದ ಮಳೆನಾಡಿನ ಭತ್ತದ ಗದ್ದೆಗೆ ಹಗುರ ಮರದ ನೇಗಿಲು ಸಾಕು. ಕರಿಕೆ ಬೇರು ಆಳಕ್ಕಿಳಿದ ಕೃಷ್ಣಾ ಬಯಲಿನ ಎರೆ ಹೊಲಕ್ಕೆ ಮಣ್ಣು ಮಗುಚುವ ಭಾರದ ನೇಗಿಲೇ ಬೇಕು. ಬೆಳಗಾವಿ ಬಿಟ್ಟವರು ಗಿರಾಕಿಯ ಹೊಲದ ಹತ್ತಿರ ಹೋಗಿದ್ದರು.

ಪಾಪಾಸುಕಳ್ಳಿ ಬೆಳೆದಿದ್ದ ಆ ಬೀಳುಭೂಮಿಯನ್ನು ಕಿರ್ಲೋಸ್ಕರವಾಡಿಯಾಗಿ ಕಟ್ಟುವಾಗ ವಸತಿಯ ಆಡಳಿತ ರಾಮುಅಣ್ಣನ ಪಾಲಿಗೆ ಬಂತು. 1920ರಲ್ಲಿ ಸಂಸ್ಥೆ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾದಾಗ ಅದರ ಹೆಸರಿಗೆ ನೇಗಿಲಾಗಲಿ ಕಬ್ಬಿಣವಾಗಲಿ ಸೇರಲಿಲ್ಲ. ಕಿರ್ಲೋಸ್ಕರ್ ಬ್ರದರ್ಸ್ ಎಂದೇ ಬರೆಸಿದರು.